ಮೊದಲು ಗುಂಡಿ ತೋಡಿ, ಆಮೇಲೆ ಎಂಒಯುಗೆ ಸಹಿ ಹಾಕಿ

(ಬೀದರಿನಲ್ಲಿ ವಿದ್ಯಾರ್ಥಿಗಳು ಮತ್ತು ಊರಿನವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಒಂದು ಗುಂಡಿಯಿಂದ ಶುರು ಮಾಡುತ್ತೇನೆ. ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಆಳ, ಅಷ್ಟೇ. ಹೋದ ವರ್ಷ ಶ್ರಾವಣದಲ್ಲಿ, ನೆಲ ಚೆನ್ನಾಗಿ ನೆನೆದಿದ್ದಾಗ, ನಮ್ಮ ಹುಡುಗರು ಇಂಥ ಎರಡು ಗುಂಡಿ ತೋಡಿದರು. ಒಂದು ಇಲ್ಲೇ ನೌಬಾದ್ ಕಡೆ. ಇನ್ನೊಂದು ಕಲಬುರಗಿಯ ಒಂದು ಖಾಲಿ ಪ್ಲಾಟಿನಲ್ಲಿ. ಎರಡನ್ನೂ ಬಕೆಟ್ಟಿನಿಂದ ತುಂಬಿಸಿ, ಒಳಗೆ ಒಂದು ಸ್ಕೇಲು ನಿಲ್ಲಿಸಿ, ಪಕ್ಕದಲ್ಲಿ ಕೂತರು. ಇಲ್ಲಿಯ ಕೆಂಪು ಮುರ್ರಂನಲ್ಲಿ, ಅಂದರೆ ಗರಸು ಮಣ್ಣಿನಲ್ಲಿ, ಚಹಾ ತರಲು ಹೋದ ಹುಡುಗ ವಾಪಸ್ ಬರುವಷ್ಟರಲ್ಲಿ ನೀರು ಅರ್ಧ ಇಳಿದಿತ್ತು. ಕಲಬುರಗಿಯ ಕಪ್ಪು ಎರೆಮಣ್ಣಿನಲ್ಲಿ ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ನೀರು ಹೆಚ್ಚುಕಡಿಮೆ ಹಾಗೇ ನಿಂತಿತ್ತು, ಮೇಲೆ ನಾಲ್ಕು ಬೇವಿನೆಲೆ ತೇಲುತ್ತಿದ್ದವು.

ನೂರು ಕಿಲೋಮೀಟರ್ ಚಿಲ್ಲರೆ ದೂರದ ಎರಡು ಊರು. ಒಂದೇ ಸೀಮೆ, ಅದೇ ಜೋಳದ ರೊಟ್ಟಿ, ಅದೇ ಬಿಸಿಲು. ನೆಲ ಮಾತ್ರ ಪೂರಾ ಬೇರೆ. ಇವತ್ತು ನಾನು ಹೇಳಬೇಕು ಅಂತ ಬಂದಿರುವುದೆಲ್ಲ ಈ ಎರಡು ಗುಂಡಿಯ ಸುತ್ತಲೇ ಇದೆ.

ಹಸಿರು ಮೂಲಸೌಕರ್ಯ ಅನ್ನುವ ಮಾತು ಈಗ ಎಲ್ಲ ಕಡೆ ಕೇಳುತ್ತಿದೆ. ದೊಡ್ಡ ಮಾತು ಅನ್ನಿಸುತ್ತದೆ, ವಿಷಯ ಸರಳ. ಮಳೆ ಬಿದ್ದ ನೀರನ್ನು ಗಟಾರಕ್ಕೆ ತಳ್ಳಿ ಊರಾಚೆ ಸಾಗಿಸುವ ಬದಲು ಬಿದ್ದಲ್ಲೇ ಸ್ವಲ್ಪ ಹೊತ್ತು ನಿಲ್ಲಿಸುವುದು, ಮಣ್ಣು ಮತ್ತು ಬೇರುಗಳ ಕೈಯಲ್ಲಿ ಸೋಸಿಸುವುದು, ಆದಷ್ಟನ್ನು ನೆಲಕ್ಕೆ ಇಳಿಸುವುದು. ರಸ್ತೆ ಪಕ್ಕದ ತಗ್ಗು ತೋಟ, ನೀರು ಇಳಿಯುವ ನೆಲಹಾಸು, ಜೊಂಡು ಬೆಳೆದ ಸಣ್ಣ ಕೆರೆ, ದಂಡೆಯಲ್ಲಿ ಕಾಂಕ್ರೀಟು ಇಲ್ಲದ ನಾಲಾ, ಇವೆಲ್ಲ ಅದರಲ್ಲಿ ಬರುತ್ತವೆ. ಇದನ್ನು ಕಲಿಯಲು, ಮಾಡಿ ನೋಡಲು ಬೇರೆ ದೇಶದ ವಿಶ್ವವಿದ್ಯಾಲಯಗಳ ಜೊತೆ ಸೇರುವುದೂ ಈಗ ಜೋರಾಗಿ ನಡೆದಿದೆ. ಸೇರಬೇಕು. ನಾನು ಅದರ ಪರವಾಗಿಯೇ ಮಾತಾಡುತ್ತಿದ್ದೇನೆ. ಆದರೆ ಹೇಗೆ ಸೇರಬೇಕು ಅನ್ನುವುದನ್ನು ನಾನು ಕಲಿತದ್ದು ಒಂದು ಸೋತ ಕೆಲಸದಿಂದ.

ಕೆಲವು ವರ್ಷದ ಹಿಂದೆ ನಾನಿದ್ದ ಒಂದು ಸಂಸ್ಥೆಗೂ ಹೊರದೇಶದ ಒಂದು ವಿಶ್ವವಿದ್ಯಾಲಯಕ್ಕೂ ಎಂಒಯು, ಅಂದರೆ ಕೂಡಿ ಕೆಲಸ ಮಾಡುವ ಒಪ್ಪಂದ, ಆಯಿತು. ಎರಡೂ ಕಡೆ ಒಳ್ಳೆಯ ಮನಸ್ಸಿನವರೇ ಇದ್ದರು. ಅವರು ಮಣ್ಣಿನ ವಿವರ ಕೇಳಿ ಮೇಲ್ ಮಾಡಿದರು. ನಾವು ಪಠ್ಯಪುಸ್ತಕದಿಂದ ಎರಡು ಸಾಲು ಎತ್ತಿ ಕಳಿಸಿದೆವು, ಜಾಗಕ್ಕೆ ಹೋಗಿ ಗುದ್ದಲಿ ಹಾಕಲಿಲ್ಲ. ನಕ್ಷೆ ಬಂತು. ಬಹಳ ಚೆಂದದ ನಕ್ಷೆ. ಅದರ ಪ್ರಕಾರ ಒಂದು ಮಳೆತೋಟ, ಅಂದರೆ ಮಳೆನೀರು ನಿಂತು ಇಳಿಯುವ ತಗ್ಗು ತೋಟ, ಮಾಡಿದೆವು, ಗಿಡ ಹಚ್ಚಿದೆವು, ಫೋಟೊ ತೆಗೆಸಿಕೊಂಡೆವು. ಮೊದಲ ದೊಡ್ಡ ಮಳೆಗೆ ತೋಟ ತುಂಬಿತು. ತುಂಬಿದ್ದು ಇಳಿಯಲೇ ಇಲ್ಲ. ಒಂದು ವಾರಕ್ಕೆ ನೀರು ಹಸಿರುಗಟ್ಟಿತು, ಸೊಳ್ಳೆ ಬಂದವು. ಎದುರು ಮನೆಯ ಆಯಿಯೊಬ್ಬರು ಮೊಮ್ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ಬಂದು ನಿಂತು, "ಸರ, ಈ ಕೂಸಿಗೆ ಜ್ವರಾ ಬಂದ್ರ ನೀವ್ ನೋಡ್ಕೋತೀರೇನ್ರಿ?" ಅಂದರು. ಅವರ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ವಾರ ಎರಡು ಟ್ರ್ಯಾಕ್ಟರ್ ಮುರ್ರಂ ಹಾಕಿ ತೋಟ ಮುಚ್ಚಿದರು.

ಏನು ತಪ್ಪಾಯಿತು ಅಂತ ನೋಡಿ. ಆ ತೋಟ ಇದ್ದದ್ದು ಎರೆಮಣ್ಣಿನಲ್ಲಿ. ಎರೆಮಣ್ಣು ಬದುಕಿರುವ ಮಣ್ಣು, ಉಸಿರಾಡಿದ ಹಾಗೆ ಹಿಗ್ಗಿ ಕುಗ್ಗುತ್ತದೆ. ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ, ಬಿರುಕಿನಲ್ಲಿ ಕೈ ಹಾಕಿದರೆ ಮೊಣಕೈವರೆಗೂ ಹೋಗುವಂಥ ಹೊಲ ನೀವೇ ನೋಡಿದ್ದೀರಿ. ಮಿರಗದ, ಅಂದರೆ ಜೂನಿನ ಮೃಗಶಿರದ, ಮೊದಲ ಮಳೆ ಆ ಬಿರುಕಿಗೆ ಗಟಗಟ ಇಳಿಯುತ್ತದೆ. ಆಮೇಲೆ ಜೇಡಿ ನೀರು ಹೀರಿ ಊದಿಕೊಂಡು ಬಿರುಕುಗಳನ್ನೆಲ್ಲ ಮುಚ್ಚಿಬಿಡುತ್ತದೆ. ಶ್ರಾವಣಕ್ಕೆ ಬಂದರೆ ಅದೇ ಹೊಲ ತಟ್ಟೆಯ ಹಾಗೆ. ಅಂದರೆ ಒಂದೇ ಜಾಗ ಜೂನಿನಲ್ಲಿ ಒಂದು ಥರ, ಆಗಸ್ಟಿನಲ್ಲಿ ಇನ್ನೊಂದು ಥರ. ಅಂಥ ಕಡೆ ನೀರು ತಾನಾಗಿ ಕೆಳಗೆ ಇಳಿಯುತ್ತದೆ ಅಂತ ನಂಬಿ ತೋಟ ಮಾಡಬಾರದು. ಮೇಲೆ ಮರಳು ಹೆಚ್ಚಿರುವ ಮಣ್ಣಿನ ಪದರ, ಅದರಡಿ ಜಲ್ಲಿ, ಜಲ್ಲಿಯೊಳಗೆ ತೂತಿನ ಪೈಪು ಇಟ್ಟು, ಸೋಸಿದ ನೀರನ್ನು ಒಂದು ಬಾವಿಗೋ ಸಂಪಿಗೋ ಒಯ್ದು ಬಿಡಬೇಕು. ಆ ಪೈಪು ಒಂದು ನಮ್ಮ ತೋಟದಲ್ಲಿ ಇರಲಿಲ್ಲ. ನಕ್ಷೆ ಮಾಡಿದವರಿಗೆ ನಮ್ಮ ಮಣ್ಣು ಗೊತ್ತಿರಲಿಲ್ಲ, ಯಾಕೆಂದರೆ ನಾವು ಹೇಳಿರಲಿಲ್ಲ.

ಮಳೆಯದೂ ಇದೇ ಕತೆ. ಮೆಲ್ಬರ್ನಿನಲ್ಲಿ, ಕೋಪನ್‌ಹೇಗನ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 600ರಿಂದ 650 ಮಿಲಿಮೀಟರ್ ಆಸುಪಾಸು. ನಮ್ಮ ಕಲಬುರಗಿಯಲ್ಲಿ ಅದಕ್ಕಿಂತ ಜಾಸ್ತಿಯೇ ಬೀಳುತ್ತದೆ, ಬೀದರಿನಲ್ಲಿ ಇನ್ನೂ ಜಾಸ್ತಿ. ಹಾಗಾದರೆ ಕೊರತೆ ಎಲ್ಲಿಯದು? ಅವರಿಗೆ ಹನ್ನೆರಡು ತಿಂಗಳೂ ಸ್ವಲ್ಪ ಸ್ವಲ್ಪ ಬರುತ್ತದೆ. ನಮಗೆ ಹೆಚ್ಚಿನದೆಲ್ಲ ನಾಲ್ಕೈದು ತಿಂಗಳಲ್ಲಿ, ಅದರಲ್ಲೂ ಕೆಲವೇ ದಿನಗಳಲ್ಲಿ ಬಂದು ಹೋಗುತ್ತದೆ. ಅವರ ಗಿಡ ವರ್ಷಪೂರ್ತಿ ಹಸಿರಾಗಿರುತ್ತದೆ. ನಮ್ಮ ಗಿಡ ಮೇ ತಿಂಗಳ 43 ಡಿಗ್ರಿ ಬಿಸಿಲಲ್ಲಿ ನೀರಿಲ್ಲದೆ ಬದುಕಬೇಕು, ಜುಲೈನಲ್ಲಿ ಎರಡು ದಿನ ನೀರಲ್ಲಿ ನಿಂತೂ ಬದುಕಬೇಕು. ಅಂಥ ಗಿಡ ನಮ್ಮಲ್ಲೇ ಇವೆ. ಲಾವಂಚ ಇದೆ, ಹೊಂಗೆ ಇದೆ. ಬೇರೆಯವರ ಪಟ್ಟಿ ನೋಡಿ ನರ್ಸರಿಗೆ ಹೋಗುವ ಅಗತ್ಯ ಇಲ್ಲ.

ಈಗ ಈ ಊರಿನ ನೆಲದ ವಿಷಯಕ್ಕೆ ಬರುತ್ತೇನೆ, ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಬೀದರ್ ಕೂತಿರುವುದು ಜಂಬಿಟ್ಟಿಗೆ ಕಲ್ಲಿನ ದಿಬ್ಬದ ಮೇಲೆ. ಆ ಕೆಂಪುಕಲ್ಲಿನ ತುಂಬ ರಂಧ್ರ, ಮಳೆ ಬಿದ್ದರೆ ಒಳಗೆ ಇಳಿಯುತ್ತದೆ. ಅದರ ಕೆಳಗೆ ದಖ್ಖನ್ನಿನ ಕರಿಕಲ್ಲು, ಬಸಾಲ್ಟು. ಅದು ಅಷ್ಟು ಸುಲಭವಾಗಿ ನೀರನ್ನು ಬಿಡುವುದಿಲ್ಲ. ಹಾಗಾಗಿ ಎರಡೂ ಕಲ್ಲು ಕೂಡುವ ಕಡೆ ನೀರು ಅಡ್ಡ ಹರಿದು, ದಿಬ್ಬದ ಅಂಚಿನಲ್ಲಿ ಝರಿಯಾಗಿ ಹೊರಗೆ ಬರುತ್ತದೆ. ಗುರುನಾನಕ್ ಝೀರಾದಲ್ಲಿ ನೀವು ಕೈಯೊಡ್ಡಿ ಕುಡಿಯುವ ನೀರು ಅದು. ಝರಣಿ ನರಸಿಂಹನ ದರ್ಶನಕ್ಕೆ ಗುಹೆಯೊಳಗೆ ಎದೆಮಟ್ಟ ನೀರಿನಲ್ಲಿ, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಡೆಯುತ್ತೀರಲ್ಲ, ಅದೂ ಹೀಗೆ ಕಲ್ಲಿನಿಂದ ಜಿನುಗಿದ್ದೇ. ನಾನು ಚಿಕ್ಕವನಿದ್ದಾಗ ನಮ್ಮ ಕಾಕಾನ ಹೆಗಲ ಮೇಲೆ ಕೂತು ಹೋಗಿದ್ದೆ. ತಲೆ ಮೇಲೆ ಬಾವಲಿ, ಕೆಳಗೆ ಕಪ್ಪು ನೀರು. ಭಯದಲ್ಲಿ ಅವನ ಕೂದಲು ಗಟ್ಟಿಯಾಗಿ ಹಿಡಿದಿದ್ದೆ. ಆ ನೀರು ಎಲ್ಲಿಂದ ಬರುತ್ತದೆ ಅನ್ನುವ ಪ್ರಶ್ನೆ ಅವತ್ತು ತಲೆಗೆ ಹೊಕ್ಕಿದ್ದು ಇನ್ನೂ ಹೋಗಿಲ್ಲ.

ಈ ಗುಟ್ಟನ್ನು 15ನೇ ಶತಮಾನದಲ್ಲೇ ಹಿಡಿದವರಿದ್ದರು. ಬಹಮನಿ ಸುಲ್ತಾನ ಅಹ್ಮದ್ ಶಾಹ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ. ದಿಬ್ಬದ ಮೇಲಿನ ಊರಿಗೆ, ಕೋಟೆಗೆ ನೀರು ಬೇಕು. ಇರಾನಿನಿಂದ ಬಂದ ತಿಳಿವಳಿಕೆ, ಇಲ್ಲಿಯ ಕಲ್ಲುಕುಟಿಗರ ಕೈ, ಎರಡೂ ಸೇರಿ ಕರೇಜ್ ಆಯಿತು. ಜನ ಸುರಂಗ ಬಾವಿ ಅನ್ನುತ್ತಾರೆ. ನೌಬಾದ್, ಶುಕ್ಲತೀರ್ಥ, ಜಮುನಾ ಮೋರಿ, ಮೂರೂ ಹೆಸರು ನಿಮಗೆ ಗೊತ್ತು. ನೆಲದೊಳಗೆ ಸಣ್ಣ ಇಳಿಜಾರಿನಲ್ಲಿ ಸುರಂಗ ಕೊರೆದು, ಅಲ್ಲಲ್ಲಿ ಮೇಲಿಂದ ಬಾವಿಯಂಥ ಗಾಳಿಕಿಂಡಿ ಇಳಿಸಿ, ಜಿನುಗಿದ ನೀರನ್ನು ತನ್ನಷ್ಟಕ್ಕೆ ಹರಿಸುವ ವ್ಯವಸ್ಥೆ. ಪಂಪಿಲ್ಲ, ಕರೆಂಟಿಲ್ಲ. ನೆಲದೊಳಗೆ ಇರುವುದರಿಂದ ಬಿಸಿಲಿಗೆ ಆವಿಯಾಗುವುದೂ ಇಲ್ಲ.

ಇದರಲ್ಲಿ ನನಗೆ ಬಹಳ ಇಷ್ಟವಾದ ಸಂಗತಿ ಬೇರೆ ಇದೆ. ಇರಾನಿನಲ್ಲಿ ಈ ಸುರಂಗಗಳು ಹೆಚ್ಚಾಗಿ ಬೆಟ್ಟದ ಬುಡದ ಮೆಕ್ಕಲು ಮಣ್ಣಿನಲ್ಲಿ ಇರುತ್ತವೆ. ಮಣ್ಣು ಸಡಿಲ ಇದ್ದ ಕಡೆ ಕುಸಿಯದಂತೆ ಸುಟ್ಟ ಮಣ್ಣಿನ ಬಳೆ ಜೋಡಿಸುತ್ತಾರೆ. ಅಲ್ಲಿಯ ಗೊನಾಬಾದಿನಲ್ಲಿ ತಾಯಿಬಾವಿ, ಅಂದರೆ ಸುರಂಗಕ್ಕೆ ನೀರು ಕೊಡುವ ಮೊದಲ ಬಾವಿ, 300 ಮೀಟರಿಗೂ ಆಳ. ಬೀದರಿಗೆ ಬಂದವರು ಆ ಆಳವನ್ನೂ ತರಲಿಲ್ಲ, ಆ ಬಳೆಯನ್ನೂ ತರಲಿಲ್ಲ. ನಮ್ಮ ಕೆಂಪುಕಲ್ಲು ಒಳಗೆ ಮೆತ್ತಗೆ, ಕೊರೆಯಲು ಸುಲಭ, ಗಾಳಿ ತಾಗಿದ ಮೇಲೆ ಗಟ್ಟಿಯಾಗುತ್ತದೆ. ಅದನ್ನು ನೋಡಿ, ಕಲ್ಲು ಹೇಳಿದ ಹಾಗೆ ಕೆಲಸ ಬದಲಿಸಿದರು. ಅವರು ಕಲ್ಲು ನೋಡಿದ್ದರಿಂದ ಸುರಂಗ ಇವತ್ತಿಗೂ ನಿಂತಿದೆ, ನಾವು ಮಣ್ಣು ನೋಡದೆ ಇದ್ದುದರಿಂದ ನಮ್ಮ ಮಳೆತೋಟ ಒಂದು ಮಳೆಗಾಲಕ್ಕೇ ಮುಚ್ಚಿತು.

ದಾರಿ ಸ್ವಲ್ಪ ಬಿಡುತ್ತೇನೆ, ತಪ್ಪು ತಿಳಿಯಬೇಡಿ. ಇಲ್ಲಿಂದ ಸ್ವಲ್ಪ ನಡೆದರೆ ಗವಾನ್ ಮದರಸಾ ಇದೆ. ಇರಾನಿನ ಗಿಲಾನ್ ಸೀಮೆಯಿಂದ ವ್ಯಾಪಾರಕ್ಕೆ ಬಂದ ಮಹಮೂದ್ ಗವಾನ್ ಇಲ್ಲೇ ನಿಂತು, ಮಂತ್ರಿಯಾಗಿ, 1472ರಲ್ಲಿ ಅದನ್ನು ಕಟ್ಟಿಸಿದ. ಗ್ರಂಥಾಲಯದಲ್ಲಿ ಸುಮಾರು 3000 ಹಸ್ತಪ್ರತಿ ಇದ್ದವು ಅಂತ ಇತಿಹಾಸದವರು ಬರೆಯುತ್ತಾರೆ. ಪಾಠ ಹೇಳಲು ದೂರ ದೇಶದ ವಿದ್ವಾಂಸರು ಬರುತ್ತಿದ್ದರು. 17ನೇ ಶತಮಾನದ ಕೊನೆಗೆ ಸ್ಫೋಟವಾಗಿ ಒಂದು ಭಾಗ ಬಿತ್ತು. ಉಳಿದ ಮಿನಾರಿನ ಮೇಲೆ ಆ ನೀಲಿ ಬಿಲ್ಲೆಗಳು ಸಂಜೆ ಬಿಸಿಲಿಗೆ ಈಗಲೂ ಹೊಳೆಯುತ್ತವೆ. ಹೊರದೇಶದ ವಿಶ್ವವಿದ್ಯಾಲಯ ಅಂದರೆ ನಮ್ಮ ಹುಡುಗರು ಸ್ವಲ್ಪ ಹಿಂಜರಿಯುತ್ತಾರೆ, ನಾವು ಹಿಂದುಳಿದ ಜಿಲ್ಲೆಯವರು, ನಮ್ಮನ್ನು ಯಾರು ಕೇಳುತ್ತಾರೆ ಅಂತ. ಅವರಿಗೆ ಈ ಮಾತು ಹೇಳಬೇಕು. ಐನೂರು ವರ್ಷದ ಹಿಂದೆ ಓದಲು, ಓದಿಸಲು ಜನ ಸಮುದ್ರ ದಾಟಿ ಬರುತ್ತಿದ್ದ ಊರು ಇದು.

ಸರಿ, ಇವತ್ತಿಗೆ ಬರೋಣ. ಬಾಗಿಲುಗಳು ಇವೆ. ಹೊರದೇಶದ ಪ್ರಾಧ್ಯಾಪಕರು ಬಂದು ಇಲ್ಲಿ ಕೆಲವು ದಿನ ಪಾಠ ಹೇಳಲು 2015ರಲ್ಲಿ ಕೇಂದ್ರ ಸರಕಾರ ಗ್ಯಾನ್ ಅನ್ನುವ ಯೋಜನೆ ತಂದಿತು. ಕೂಡಿ ಸಂಶೋಧನೆ ಮಾಡಲು 2018ರಲ್ಲಿ ಸ್ಪಾರ್ಕ್ ಬಂತು. ನೆದರ್‌ಲ್ಯಾಂಡ್ಸಿನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯ ಮತ್ತು ನಮ್ಮ ರೂರ್ಕಿ ಐಐಟಿಯಂಥವು ಕೂಡಿ ಭುಜ್, ಭೋಪಾಲ್, ಕೋಝಿಕ್ಕೋಡ್ ಊರುಗಳ ನೀರಿನ ಮೇಲೆ ಕೆಲಸ ಮಾಡಿವೆ. ಗಮನಿಸಿ, ಮುಂಬೈ ಅಲ್ಲ, ದಿಲ್ಲಿ ಅಲ್ಲ, ನಮ್ಮಂಥ ಎರಡನೇ ಸಾಲಿನ ಊರುಗಳು. ಇರಾನಿನ ಯಜ್ದ್‌ನಲ್ಲಿ ಇಂಥ ಸುರಂಗಗಳ ಅಧ್ಯಯನಕ್ಕೆಂದೇ ಯುನೆಸ್ಕೊ ಆಶ್ರಯದ ಒಂದು ಅಂತರರಾಷ್ಟ್ರೀಯ ಕೇಂದ್ರ ಇದೆ. ಪರ್ಷಿಯಾದ 11 ಸುರಂಗಗಳು 2016ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಬೀದರಿನ ಹುಡುಗಿಯೊಬ್ಬಳು ಯಜ್ದ್‌ಗೆ ಪತ್ರ ಬರೆದರೆ ಅವಳು ಕೇಳುವವಳಾಗಿ ಮಾತ್ರ ಹೋಗುವುದಿಲ್ಲ, ಕೊಡುವುದಕ್ಕೂ ಅವಳ ಹತ್ತಿರ ಇದೆ. ಕೆಂಪುಕಲ್ಲಿನಲ್ಲಿ ಕೊರೆದ ಸುರಂಗ ಅವರಲ್ಲಿ ಸುಲಭಕ್ಕೆ ಸಿಗುವುದಿಲ್ಲ.

ನನಗೆ ತುಂಬ ಹಿಡಿಸಿದ ಕೆಲಸ ಆಸ್ಟ್ರೇಲಿಯಾದ ಮೊನಾಷ್ ವಿಶ್ವವಿದ್ಯಾಲಯದ ಮುಂದಾಳತ್ವದಲ್ಲಿ ನಡೆದ ರೈಸ್ ಅನ್ನುವ ಯೋಜನೆ. ಇಂಡೊನೇಷ್ಯಾದ ಮಕಾಸ್ಸರ್, ಫಿಜಿಯ ಸುವ, ಎರಡೂ ಕಡೆ 12-12 ಬಡ ವಸತಿಗಳನ್ನು ಆರಿಸಿಕೊಂಡರು. ಮನೆಯ ಕೊಳಚೆ, ಮಳೆನೀರು ಎರಡನ್ನೂ ಗಿಡ-ಜಲ್ಲಿಯ ತೊಟ್ಟಿಗಳಲ್ಲಿ ಸೋಸುವ ವ್ಯವಸ್ಥೆ. ಎಲ್ಲಿ ಮಾಡಬೇಕು, ಯಾರ ಅಂಗಳದಿಂದ ದಾರಿ ಹೋಗಬೇಕು ಅನ್ನುವುದನ್ನು ಅಲ್ಲಿಯ ಜನರ ಜೊತೆ ಕೂತೇ ಬರೆದರು. ಅದರಿಂದ ಮಕ್ಕಳ ಆರೋಗ್ಯ ಸುಧಾರಿಸಿತೇ ಅಂತ ಅಳೆಯುವುದನ್ನೂ ಯೋಜನೆಯೊಳಗೇ ಇಟ್ಟರು. ಆ ದಿನ ಮೊಮ್ಮಗನನ್ನು ಎತ್ತಿಕೊಂಡು ಬಂದ ಆಯಿ ಕೇಳಿದ್ದೂ ಅದನ್ನೇ ಅಲ್ವಾ?

ಬೇರೆ ಊರುಗಳಿಂದ ಕಲಿಯುವುದು ಬಹಳ ಇದೆ. ಸಿಂಗಪುರದ ಬಿಷಾನ್ ಉದ್ಯಾನದಲ್ಲಿ 2.7 ಕಿಲೋಮೀಟರ್ ನೇರ ಕಾಂಕ್ರೀಟ್ ಕಾಲುವೆಯನ್ನು ಒಡೆದು 3.2 ಕಿಲೋಮೀಟರಿನ ಅಂಕುಡೊಂಕು ಹೊಳೆ ಮಾಡಿ 2012ರಲ್ಲಿ ತೆರೆದರು. ಮಳೆ ಇಲ್ಲದಾಗ ದಂಡೆಯಲ್ಲಿ ಮಕ್ಕಳು ಆಡುತ್ತಾರೆ, ಮಳೆ ಬಂದಾಗ ಅದೇ ಜಾಗ ನೀರಿಗೆ. ಕೋಪನ್‌ಹೇಗನ್ 2011ರ ಜುಲೈ 2ರಂದು ಎರಡೇ ತಾಸಿನ ಮಳೆಗೆ ಮುಳುಗಿತು. ಮರುವರ್ಷವೇ ಇಡೀ ಊರಿಗೆ ಮೇಘಸ್ಫೋಟದ ಯೋಜನೆ ಬರೆದುಕೊಂಡು, ಯಾವ ರಸ್ತೆ ಅಂಥ ದಿನ ನೀರಿನ ದಾರಿಯಾಗಬೇಕು, ಯಾವ ಪಾರ್ಕು ಕೆರೆಯಾಗಬೇಕು ಅಂತ ಗುರುತು ಹಾಕಿತು. ಚೀನಾ 2015ರಲ್ಲಿ 16 ಊರುಗಳಲ್ಲಿ ಸ್ಪಂಜಿನ ನಗರ, ಅಂದರೆ ಮಳೆನೀರನ್ನು ಸ್ಪಂಜಿನ ಹಾಗೆ ಹೀರಿಕೊಳ್ಳುವ ಊರು, ಮಾಡಲು ಹೊರಟಿತು, ಆಮೇಲೆ ಇನ್ನಷ್ಟು ಊರು ಸೇರಿದವು. ಅದಕ್ಕೆ ಬಹಳ ಹಣ ಹಾಕಿದ್ದ ಝೆಂಗ್‌ಝೌ ನಗರದಲ್ಲಿ 2021ರ ಜುಲೈ 20ರಂದು ಒಂದೇ ತಾಸಿನಲ್ಲಿ 201.9 ಮಿಲಿಮೀಟರ್ ಮಳೆ ಸುರಿಯಿತು. ಮೆಟ್ರೊ ರೈಲಿನೊಳಗೆ ಜನ ಸತ್ತರು. ಇದನ್ನು ಮುಚ್ಚಿಡಬಾರದು. ತೋಟ, ತಗ್ಗು, ನೆಲಹಾಸು ಇವು ದಿನನಿತ್ಯದ ಮಳೆಯನ್ನು ಹಿಡಿಯುತ್ತವೆ. ಅಂಥ ದಿನಕ್ಕೆ ನಾಲಾ ಅಗಲವಾಗಿಯೇ ಇರಬೇಕು, ಕೆರೆ ಖಾಲಿಯಾಗಿಯೇ ಇರಬೇಕು, ತಗ್ಗಿನಲ್ಲಿ ಮನೆ ಕಟ್ಟಿರಬಾರದು. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿದ್ದನ್ನು ಕಲಬುರಗಿ, ಯಾದಗಿರಿಯವರು ಮರೆತಿಲ್ಲ.

ಮನೆ ಮಟ್ಟದ ಲೆಕ್ಕ ಹೇಳುತ್ತೇನೆ, ಮಕ್ಕಳೂ ಮಾಡಬಹುದು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 30-40ರ ಪ್ಲಾಟು ಅಂದರೆ ಸುಮಾರು 111 ಚದರ ಮೀಟರ್. ಅಷ್ಟೂ ಮಾಳಿಗೆ ಇದ್ದು, ವರ್ಷಕ್ಕೆ 800 ಮಿಲಿಮೀಟರ್ ಬಿದ್ದರೆ ಹತ್ತಿರ ಹತ್ತಿರ 89,000 ಲೀಟರ್. ಆವಿಯಾಗಿದ್ದು, ಚೆಲ್ಲಿದ್ದು ಕಳೆದು 70,000 ಅಂತ ಇಟ್ಟುಕೊಳ್ಳಿ. ಐದು ಜನ ದಿನಕ್ಕೆ ತಲಾ 135 ಲೀಟರ್ ಬಳಸಿದರೂ ನೂರು ದಿನ ಬರುತ್ತದೆ. ಮೇ ತಿಂಗಳಲ್ಲಿ ಟ್ಯಾಂಕರಿಗಾಗಿ ಕೊಡ ಸಾಲಿಟ್ಟು ಕೂರುವ ನಾವು ಜುಲೈನಲ್ಲಿ ಇಷ್ಟನ್ನೂ ಸುಮ್ನೆ ಗಟಾರಕ್ಕೆ ಬಿಡುತ್ತೇವೆ.

ಅಂಗಳದ್ದೂ ಹಾಗೇ. ನಮ್ಮ ಅಜ್ಜನ ಮನೆಯ ಅಂಗಳಕ್ಕೆ ಶಹಾಬಾದಿ ಫರ್ಸಿ ಹಾಸಿದ್ದರು, ಕಲ್ಲಿನ ಸಂದಿಯಲ್ಲಿ ಸಿಮೆಂಟ್ ಇರಲಿಲ್ಲ, ಮರಳು ಇತ್ತು. ಮಳೆ ನಿಂತ ಮೇಲೆ ಅಜ್ಜಿ ಕಸಬರಿಗೆ ಹಿಡಿದು ಬರುವಷ್ಟರಲ್ಲಿ ಸಂದಿಯೆಲ್ಲ ನೀರು ಕುಡಿದುಬಿಡುತ್ತಿತ್ತು. ಈಗ ಅದೇ ಅಂಗಳಕ್ಕೆ ಗೇಟಿನವರೆಗೂ ಕಾಂಕ್ರೀಟು. ನೀರು ಇಳಿಯುವ ನೆಲಹಾಸು ಅಂತ ಇವತ್ತು ನಾವು ಹೊರಗಿನ ಪ್ರಬಂಧಗಳಲ್ಲಿ ಓದುವುದು ಆ ಮರಳಿನ ಸಂದಿಯನ್ನೇ.

ಹಿಂದಿನ ಸಾಲಿನಿಂದ ಒಬ್ಬ ತಾಯಿ ಸೊಳ್ಳೆಯ ಬಗ್ಗೆ ಕೇಳಿದರು. ಒಳ್ಳೆಯ ಪ್ರಶ್ನೆ, ನನ್ನ ಸೋತ ತೋಟಕ್ಕೂ ಅದೇ ಪ್ರಶ್ನೆ. ಮೊಟ್ಟೆಯಿಂದ ಸೊಳ್ಳೆ ಹಾರಲು ಒಂದು ವಾರ ಬೇಕು. ನೀರು ಎರಡು ದಿನದೊಳಗೆ ಇಳಿದರೆ ಮರಿ ಬದುಕುವುದಿಲ್ಲ. ಆದ್ದರಿಂದ ಎರಡು ದಿನದಲ್ಲಿ ಖಾಲಿಯಾಗದ ಮಳೆತೋಟವನ್ನು ಮಳೆತೋಟ ಅನ್ನಬೇಡಿ, ಕೂಡಲೇ ಸರಿ ಮಾಡಿಸಿ. ಮೇಲೆ ಕೂತ ಹೂಳನ್ನು ಪ್ರತಿ ವರ್ಷ ಮಿರಗಕ್ಕೆ ಮೊದಲು ಕೆರೆದು ತೆಗೆಯಬೇಕು, ಇಲ್ಲದಿದ್ದರೆ ಮರಳೂ ಕಟ್ಟಿಕೊಳ್ಳುತ್ತದೆ.

ಬೀದರಿನವರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ನಿಮ್ಮ ಕೆಂಪುಕಲ್ಲು ಮಳೆಯನ್ನು ಎಷ್ಟು ಬೇಗ ಒಳಗೆ ಬಿಡುತ್ತದೋ ಕೊಳಕನ್ನೂ ಅಷ್ಟೇ ಬೇಗ ಬಿಡುತ್ತದೆ. ಶೌಚಾಲಯದ ಗುಂಡಿ ಇದ್ದ ಕಡೆ, ಗ್ಯಾರೇಜಿನ ಎಣ್ಣೆ ಚೆಲ್ಲುವ ಕಡೆ ನೀರು ಇಂಗಿಸಿದರೆ ಅದು ಕೆಳಗಿನ ಬಾವಿಗೇ ಹೋಗುತ್ತದೆ. ಮಾಳಿಗೆಯ ಮೊದಲ ಮಳೆಯ ನೀರನ್ನು ಹೊರಗೆ ಬಿಟ್ಟು, ಆಮೇಲಿನದನ್ನು ಸೋಸಿ ಇಂಗಿಸಿ. ಸುರಂಗದ ಮೇಲೆ ಮನೆ ಕಟ್ಟಿ ಗಾಳಿಕಿಂಡಿ ಮುಚ್ಚುವುದು, ಅದರ ಸುತ್ತ ಆಳದ ಬೋರು ಕೊರೆಯುವುದು, ಇವೆರಡನ್ನೂ ನಿಲ್ಲಿಸದೆ ಕರೇಜ್ ಉಳಿಯುವುದಿಲ್ಲ. ಕೆಲವು ವರ್ಷದ ಹಿಂದೆ ನೌಬಾದಿನಲ್ಲಿ ಹೂಳು ತೆಗೆದಾಗ ಒಳಗೆ ನೀರು ಕಂಡಿದ್ದನ್ನು ನಿಮ್ಮಲ್ಲಿ ಎಷ್ಟೋ ಜನ ಕಣ್ಣಾರೆ ನೋಡಿದ್ದೀರಿ. ಕೇರಳದ ಭೂಗೋಳ ಅಧ್ಯಾಪಕ ಗೋವಿಂದನ್‌ಕುಟ್ಟಿಯವರು ಇಲ್ಲಿಗೆ ಬಂದು ಗಾಳಿಕಿಂಡಿಗಳ ಜಾಡು ಹಿಡಿದು ನಕ್ಷೆ ಮಾಡಿದರು. ಅವರ ಜೊತೆ ನಡೆದವರು ಈ ಊರಿನ ಹುಡುಗರು.

ಹಾಗಾದರೆ ಎಂಒಯುನಲ್ಲಿ ಏನಿರಬೇಕು ಅಂತ ಕೇಳಿದರೆ, ನನ್ನ ಮಟ್ಟಿಗೆ ಮೊದಲನೆಯದು ಕಾಲ. ಆರು ತಿಂಗಳಿಗೆ ಬಂದು ಹೋಗುವ ಕೆಲಸ ಬೇಡ, ಕನಿಷ್ಠ ಎರಡು ಮಳೆಗಾಲ, ಎರಡು ಬೇಸಿಗೆ ಅಳೆಯಬೇಕು. ಎರೆಮಣ್ಣು ಜೂನಿನಲ್ಲಿ ಹೇಳುವುದು ಒಂದು, ಆಗಸ್ಟಿನಲ್ಲಿ ಹೇಳುವುದು ಇನ್ನೊಂದು. ಅಳೆದ ಅಂಕಿ ಇಲ್ಲಿಯ ಕಾಲೇಜಿನಲ್ಲೂ ಉಳಿಯಬೇಕು, ನಗರಾಡಳಿತದ ಇಂಜಿನಿಯರಿಗೂ ಸಿಗಬೇಕು, ಕನ್ನಡದಲ್ಲಿ ಸಿಗಬೇಕು. ಕಟ್ಟುವ ಹಣದ ಜೊತೆ ಹೂಳು ತೆಗೆಯುವವರ ಕೂಲಿಯನ್ನೂ ಬರೆದಿಡಬೇಕು. ಇನ್ನು ಬಾವಿ ತೋಡುವವರು, ಹೂಳು ಎತ್ತುವವರು ಇದ್ದಾರಲ್ಲ, ಅವರ ಹೆಸರು ವರದಿಯ ಕೊನೆ ಪುಟದ ಕೃತಜ್ಞತೆಯಲ್ಲಿ ಇದ್ದರೆ ಸಾಲದು, ಮೊದಲ ಸಭೆಯಲ್ಲೇ ಅವರಿಗೆ ಕುರ್ಚಿ ಇರಬೇಕು. ನೌಬಾದಿನಲ್ಲಿ ಗುಂಡಿ ತೋಡುವಾಗ ಒಬ್ಬ ಹಿರಿಯರು ಒಂದು ಹಿಡಿ ಮುರ್ರಂ ಎತ್ತಿ, ಅಂಗೈಯಲ್ಲಿ ತಿಕ್ಕಿ ನೋಡಿ, "ತಮ್ಮಾ, ಇಲ್ಲಿ ಬ್ಯಾಡ, ಆ ಬೇವಿನ ಗಿಡದ ಕಡೆ ಹಾಕ್ರಿ, ಇಲ್ಲಿ ಜೇಡಿ ಕೂಡೇದ" ಅಂದರು. ಎರಡೂ ಕಡೆ ತೋಡಿ ನೋಡಿದೆವು. ಅವರು ಹೇಳಿದ್ದೇ ಸರಿ ಇತ್ತು.

ಈಗ ಕೆಲಸದ ಮಾತು. ಬರುವ ರವಿವಾರದಿಂದ ಮಿರಗದವರೆಗೆ ಪ್ರತಿ ವಾರ ಒಂದೊಂದು ಓಣಿಯಲ್ಲಿ ಗುಂಡಿ ತೋಡಿ ನೀರು ಇಳಿಯುವ ವೇಗ ಬರೆದುಕೊಳ್ಳುತ್ತೇವೆ. ಜೊತೆಗೆ ನೌಬಾದ್ ಕಡೆಯ ತೆರೆದ ಬಾವಿಗಳ ನೀರಿನ ಮಟ್ಟ ಅಳೆಯುತ್ತೇವೆ. ಬೆಳಿಗ್ಗೆ ಆರೂವರೆಗೆ ಸಿದ್ಧೇಶ್ವರ ಗುಡಿಯ ಮುಂದೆ ಸೇರಬೇಕು, ಬಿಸಿಲೇರುವ ಮೊದಲು ಮುಗಿಸುತ್ತೇವೆ. ಗುದ್ದಲಿ, ಬಕೆಟ್ಟು ನಮ್ಮ ಹತ್ತಿರ ಇವೆ. ನೀವು ಒಂದು ಟೇಪು, ಒಂದು ನೋಟ್‌ಬುಕ್ಕು, ನಿಮ್ಮ ಓಣಿಯಲ್ಲಿ ಬಾವಿ ತೋಡಿದ ಹಿರಿಯರು ಯಾರಾದರೂ ಇದ್ದರೆ ಅವರನ್ನೂ ಕರೆದುಕೊಂಡು ಬನ್ನಿ.